ತೆರೆದ ಬಾಗಿಲು, ಬಾರದ ಮುಯ್ಯಾಳು

ಯಶವಂತಪುರ ಬಿಟ್ಟು ತುಮಕೂರಿನತ್ತ ಹೊರಟ ರೈಲು ಚಿಕ್ಕಬಾಣಾವರ ತಲುಪಿತೆಂದರೆ ಬೆಂಗಳೂರು ಮುಗಿಯಿತು ಎನ್ನುವ ಕಾಲವೊಂದಿತ್ತು. ಒಂದು ಕೆರೆ, ಕೆರೆಯನ್ನು ನಂಬಿದ ಬೇಸಾಯ, ಸುತ್ತ ರಾಗಿ ಹೊಲ. ಬೆಂಗಳೂರು ಸೀಮೆಯ ನೂರಾರು ಹಳ್ಳಿಗಳಂತೆ ಇದೂ ಒಂದು. ಇಂದು ಕೆರೆಯ ಸುತ್ತ ಬಡಾವಣೆಗಳು ಎದ್ದಿವೆ. ಹೆಸರಘಟ್ಟ ರಸ್ತೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳ ಬಸ್ಸುಗಳು ಸಾಲುಗಟ್ಟುತ್ತವೆ. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ ಜಾಲಹಳ್ಳಿಯ ಬಿಇಎಲ್. ಉಪನಗರ ರೈಲಿನ ‘ಮಲ್ಲಿಗೆ’ ಮಾರ್ಗವೂ ಇಲ್ಲಿಗೇ ಬಂದು ಕೊನೆಗೊಳ್ಳುವಂತೆ ಯೋಜಿತವಾಗಿದೆ.

ಇಂಥ ಹಳ್ಳಿಗಳಲ್ಲಿ ನಾಟಿ, ಕಳೆ, ಕುಯ್ಲಿನ ದಿನಗಳಲ್ಲಿ ‘ಮುಯ್ಯಾಳು’ ಎಂಬ ಪದ್ಧತಿ ಇತ್ತು. ಇಂದು ಒಬ್ಬರ ಹೊಲಕ್ಕೆ ನಾಲ್ಕು ಮನೆಯವರು ಹೋಗಿ ದುಡಿಯುವುದು, ನಾಳೆ ಅವರು ಬಂದು ಇವರ ಹೊಲದಲ್ಲಿ ದುಡಿದು ಮುಯ್ಯಿ ತೀರಿಸುವುದು. ಕೂಲಿಯ ಲೆಕ್ಕವಿಲ್ಲ, ಆದರೆ ಲೆಕ್ಕವೇ ಇಲ್ಲವೆಂದಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು.

ಗಣಕಯಂತ್ರದ ಲೋಕದಲ್ಲಿ ‘ಓಪನ್ ಸೋರ್ಸ್’ ಅಥವಾ ಮುಕ್ತ ತಂತ್ರಾಂಶ ಎಂದು ಕರೆಯುವುದು ಬಹುಮಟ್ಟಿಗೆ ಇದೇ ಮುಯ್ಯಾಳಿನ ಪದ್ಧತಿ. ತಂತ್ರಾಂಶದ ಮೂಲ ಬರಹವನ್ನು ಬಚ್ಚಿಡದೆ ಎಲ್ಲರ ಮುಂದೆ ಇಡುವುದು, ಬೇಕಾದವರು ಅದನ್ನು ಓದಿ, ಬಳಸಿ, ತಿದ್ದಿ, ತಿದ್ದಿದ್ದನ್ನು ಮತ್ತೆ ಎಲ್ಲರಿಗೂ ಹಂಚುವುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಹೀಗೆಯೇ ಬೆಳೆಯಿತು. ಇಂದಿನ ಆಂಡ್ರಾಯ್ಡ್ ಮೊಬೈಲುಗಳ ತಳದಲ್ಲಿರುವುದೂ ಅದೇ ಲಿನಕ್ಸ್.

ಆದರೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಮುಯ್ಯಾಳು ಬರುತ್ತಾರೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಚಿಕ್ಕಬಾಣಾವರದಿಂದ ಕೆಲವೇ ಮೈಲಿ ದೂರದ ಬಿಇಎಲ್ ಸಂಸ್ಥೆಯೂ ಪಾಲುಗೊಂಡ ಒಂದು ಯಂತ್ರದ ಕಥೆಯನ್ನು ನೋಡಿದರೆ ಸಾಕು. ಆ ಕಥೆಯ ಬೇರು ಮಾತ್ರ ಇನ್ನೂ ಹಿಂದಕ್ಕೆ, ಕಿತ್ತೂರಿನವರೆಗೆ ಹೋಗುತ್ತದೆ.

ಕಿತ್ತೂರಿನ ವಿನಿಮಯ ಕೇಂದ್ರ

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬೆಂಗಳೂರಿನ ದೂರವಾಣಿನಗರದಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ದೇಶದ ದೂರವಾಣಿಗಳನ್ನು ದೇಶದಲ್ಲೇ ತಯಾರಿಸುವ ಹೆಮ್ಮೆ ಅದರದು. ಆದರೆ ವಿನಿಮಯ ಕೇಂದ್ರಗಳ ಒಳಗಿನ ವಿದ್ಯೆ ಬಹುಪಾಲು ವಿದೇಶಿ ಕಂಪನಿಗಳಿಂದ ಬಂದದ್ದು. ಆ ಯಂತ್ರಗಳು ತಣ್ಣನೆಯ ದೇಶಗಳಿಗೆಂದು, ಮನೆಮನೆಗೂ ದೂರವಾಣಿ ಇರುವ ಊರುಗಳಿಗೆಂದು ರೂಪುಗೊಂಡವು. ಹಳ್ಳಿಯ ಬಿಸಿಲು, ಧೂಳು, ಹೋಗಿ ಬರುವ ಕರೆಂಟು ಅವಕ್ಕೆ ಒಗ್ಗುತ್ತಿರಲಿಲ್ಲ.

1984ರ ಆಗಸ್ಟಿನಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಈ ಕೊರತೆಯನ್ನು ನೀಗಿಸಲು ಹೊರಟಿತು. ಸ್ಯಾಂ ಪಿತ್ರೋಡಾ ಅದರ ಪ್ರೇರಕ ಶಕ್ತಿ, ಜಿ.ಬಿ. ಮೀಮಾಂಸಿ ಕಾರ್ಯನಿರ್ವಾಹಕ ನಿರ್ದೇಶಕ. ದೆಹಲಿ ಮತ್ತು ಬೆಂಗಳೂರುಗಳಲ್ಲಿ ಕುಳಿತ ಎಳೆಯ ಇಂಜಿನಿಯರುಗಳಿಗೆ 36 ತಿಂಗಳು ಗಡುವು, 36 ಕೋಟಿ ರೂಪಾಯಿ ಬಂಡವಾಳ. 1986ರ ಜುಲೈನಲ್ಲಿ ಅವರ 128 ಸಂಪರ್ಕಗಳ ಮೊದಲ ಗ್ರಾಮೀಣ ವಿನಿಮಯ ಕೇಂದ್ರ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ ಕೆಲಸ ಮಾಡುವುದೇ ಅದರ ಹೆಚ್ಚುಗಾರಿಕೆ.

ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಿ-ಡಾಟ್ ತನ್ನ ವಿನ್ಯಾಸವನ್ನು ಒಂದೇ ಕಾರ್ಖಾನೆಗೆ ಕಟ್ಟಿಕೊಡಲಿಲ್ಲ. ಸರ್ಕಾರಿ ಮತ್ತು ಖಾಸಗಿ ವಲಯದ ಅನೇಕ ತಯಾರಕರಿಗೆ ಪರವಾನಗಿ ಮೂಲಕ ಹಂಚಿತು. ಹಲವರು ತಯಾರಿಸಿದ್ದರಿಂದಲೇ ಆ ಯಂತ್ರ ಬೇಗ ಬೇಗನೆ ಹಳ್ಳಿಗಳಿಗೆ ಹಬ್ಬಿತು. ಹಳದಿ ಫಲಕದ ಎಸ್‌ಟಿಡಿ ಬೂತುಗಳ ದಶಕವನ್ನು ಕಂಡವರಿಗೆ ಇದರ ಫಲ ನೆನಪಿರಬೇಕು.

ಆದರೂ ಇದು ಕಾರ್ಖಾನೆಗಳ ನಡುವಿನ ಹಂಚಿಕೆ. ಕಿತ್ತೂರಿನ ಹುಡುಗನೊಬ್ಬನಿಗೆ ಆ ಪೆಟ್ಟಿಗೆಯೊಳಗಿನ ತಂತ್ರಾಂಶವನ್ನು ಓದುವ, ಅದರಲ್ಲಿ ತಪ್ಪು ಕಂಡರೆ ತಿದ್ದಿ ಕಳಿಸುವ ದಾರಿ ಇರಲಿಲ್ಲ. ಆ ದಾರಿಯನ್ನು ತೆರೆಯುವ ಪ್ರಯತ್ನ ಬೆಂಗಳೂರಿನಲ್ಲಿ ನಡೆದದ್ದು ಹನ್ನೆರಡು ವರ್ಷಗಳ ಬಳಿಕ.

ಸಿಂಪ್ಯೂಟರ್ ಎಂಬ ಕನಸು

1998ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಅಭಿವೃದ್ಧಿಶೀಲ ದೇಶಗಳ ಮಾಹಿತಿ ತಂತ್ರಜ್ಞಾನ ಕುರಿತು ಒಂದು ಅಂತಾರಾಷ್ಟ್ರೀಯ ವಿಚಾರ ಸಂಕಿರಣ ನಡೆಯಿತು. ಓದು ಬಾರದವರೂ ಬಳಸಬಲ್ಲ, ಅಗ್ಗದ, ಕೈಯಲ್ಲಿ ಹಿಡಿಯುವ ಗಣಕಯಂತ್ರವೊಂದು ಬೇಕು ಎಂಬ ವಿಚಾರ ಅಲ್ಲಿ ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರೂ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ರಚಿಸಿದರು. 2001ರ ಏಪ್ರಿಲ್‌ನಲ್ಲಿ ಯಂತ್ರ ಸಾರ್ವಜನಿಕರ ಕಣ್ಣಿಗೆ ಬಿತ್ತು.

ಅಂಗೈಯಗಲದ ಪೆಟ್ಟಿಗೆ. ಮುಟ್ಟಿದರೆ ಸ್ಪಂದಿಸುವ ಪರದೆ. ಒಳಗೆ ಲಿನಕ್ಸ್. ಊರಿನ ಹತ್ತಾರು ಮಂದಿ ಒಂದೇ ಯಂತ್ರವನ್ನು ಹಂಚಿಕೊಂಡು, ತಮ್ಮ ತಮ್ಮ ವಿವರವನ್ನು ತಮ್ಮದೇ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳುವ ಏರ್ಪಾಡು. ಬರೆದದ್ದನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ. ಅದು ಮೊದಲು ಕಲಿತ ಭಾಷೆಗಳಲ್ಲಿ ಕನ್ನಡವೂ ಒಂದು. ಅಮೆರಿಕದ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬರೆಯುತ್ತಾ, 2001ರ ಗಣಕ ಆವಿಷ್ಕಾರಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟರು.

ಯಂತ್ರಕ್ಕಿಂತಲೂ ಕುತೂಹಲಕರವಾದದ್ದು ಅದರ ಪರವಾನಗಿ. ತಂತ್ರಾಂಶವನ್ನು ಮುಕ್ತಗೊಳಿಸುವುದು ಆಗಲೇ ರೂಢಿಯಲ್ಲಿತ್ತು. ಸಿಂಪ್ಯೂಟರ್‌ನವರು ಯಂತ್ರಾಂಶದ ವಿನ್ಯಾಸವನ್ನೂ ತೆರೆದಿಟ್ಟರು. ಯಾರು ಬೇಕಾದರೂ ಅದನ್ನು ನೋಡಬಹುದು, ಉತ್ತಮಪಡಿಸಬಹುದು. ವ್ಯಾಪಾರಕ್ಕೆಂದು ತಯಾರಿಸುವವರು ಮಾತ್ರ ಒಮ್ಮೆ ಶುಲ್ಕ ಕಟ್ಟಬೇಕು. ಬಡ ದೇಶದ ಕಂಪನಿಗೆ 25,000 ಡಾಲರ್, ಸಿರಿವಂತ ದೇಶದ ಕಂಪನಿಗೆ ಅದರ ಹತ್ತು ಪಟ್ಟು. ಸುಧಾರಣೆ ಮಾಡಿದವರು ಒಂದು ವರ್ಷ ಅದರ ಲಾಭ ಉಣ್ಣಬಹುದು. ಆ ಬಳಿಕ ಸುಧಾರಿತ ವಿನ್ಯಾಸವನ್ನು ಟ್ರಸ್ಟಿಗೆ ಮರಳಿಸಬೇಕು. ಮುಯ್ಯಿಯನ್ನು ಕಾಗದದ ಮೇಲೆ ಬರೆದರೆ ಇದಕ್ಕಿಂತ ಚೆನ್ನಾಗಿ ಬರೆಯುವುದು ಕಷ್ಟ.

2004ರಲ್ಲಿ ಬಿಇಎಲ್ ಮತ್ತು ವಿಜ್ಞಾನಿಗಳೇ ಕಟ್ಟಿದ ಪಿಕೋಪೇಟ ಕಂಪನಿ ಸೇರಿ ‘ಅಮಿಡಾ’ ಹೆಸರಿನ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದವು. ಕೈ ಅಲುಗಿಸಿದರೆ ಆ ಚಲನೆಯನ್ನೇ ಆಜ್ಞೆಯೆಂದು ಗ್ರಹಿಸುವ ಸೌಲಭ್ಯ ಅದರಲ್ಲಿತ್ತು. ಐಫೋನ್ ಬರುವುದಕ್ಕೆ ಇನ್ನೂ ಮೂರು ವರ್ಷವಿತ್ತು.

ಎಲ್ಲಿ ಎಡವಿತು?

ಮೊದಲ ವರ್ಷ 50,000 ಯಂತ್ರಗಳು ಮಾರಾಟವಾಗುವ ನಿರೀಕ್ಷೆಯಿತ್ತು. ಮಾರಾಟವಾದದ್ದು ಸುಮಾರು 4,000 ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಕರ್ನಾಟಕ ಸರ್ಕಾರ ಭೂ ದಾಖಲೆಯ ಕೆಲಸಕ್ಕೆ ಬಳಸಿ ನೋಡಿತು. ಆದರೆ ಅದು ಮನೆಮಾತಾಗಲಿಲ್ಲ.

ಬೆಲೆ ಒಂದು ಕಾರಣ. ಕನಸಿನಲ್ಲಿ ಅಗ್ಗವಾಗಿದ್ದ ಯಂತ್ರ ಅಂಗಡಿಗೆ ಬರುವಷ್ಟರಲ್ಲಿ ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿಯ ಮಟ್ಟಕ್ಕೇರಿತ್ತು. ಅದಕ್ಕೆ ಒಂದು ವರ್ಷ ಮೊದಲೇ, 2003ರಲ್ಲಿ, ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೊಡತೊಡಗಿತ್ತು. ಹಳ್ಳಿಯವನಿಗೆ ಮೊದಲು ಬೇಕಾದದ್ದು ಮಾತು. ಸಿಂಪ್ಯೂಟರ್ ಹುಟ್ಟಿದ್ದು ಸ್ಥಿರ ದೂರವಾಣಿಯ ತಂತಿಗೆ ಜೋಡಿಸುವ ಮೋಡೆಮಿನ ಕಾಲದಲ್ಲಿ. ಅದು ಬೆಳೆಯುವಷ್ಟರಲ್ಲಿ ಕಾಲವೇ ಮೊಬೈಲಿನತ್ತ ಹೊರಳಿತ್ತು.

ಆದರೆ ಮಾರುಕಟ್ಟೆಯ ಸೋಲಿಗಿಂತ ಆಳವಾದ ಸೋಲು ಇನ್ನೊಂದಿತ್ತು. ವಿನ್ಯಾಸ ತೆರೆದಿದ್ದರೂ ಅದನ್ನು ತಿದ್ದಿ ಮರಳಿಸಲು ದೊಡ್ಡ ಬಳಗವೊಂದು ಬೆಳೆಯಲಿಲ್ಲ. ಯಂತ್ರವೇ ಕೈಯಲ್ಲಿಲ್ಲದ ವಿದ್ಯಾರ್ಥಿ ಅದರ ತಂತ್ರಾಂಶವನ್ನು ಹೇಗೆ ಪರೀಕ್ಷಿಸಿಯಾನು? ವಿನ್ಯಾಸದ ನಕ್ಷೆ ಉಚಿತವಾದರೂ ಅದರಿಂದ ಒಂದು ಯಂತ್ರ ಕಟ್ಟಲು ಕಾರ್ಖಾನೆ ಬೇಕು. ತಂತ್ರಾಂಶವಾದರೆ ನಕಲು ಮಾಡಿದಷ್ಟೂ ಹೆಚ್ಚುತ್ತದೆ. ಯಂತ್ರ ಹಾಗಲ್ಲ. ಮುಯ್ಯಾಳಿಗೆ ಕರೆದು ಕುಡುಗೋಲು ಕೊಡದಿದ್ದರೆ ಕುಯ್ಲು ನಡೆಯುವುದಿಲ್ಲ.

ಇಷ್ಟಾದರೂ ಸಿಂಪ್ಯೂಟರಿನ ಒಂದು ಅಂಗ ಮಾತ್ರ ಬದುಕಿತು. ಅದೇ ‘ಧ್ವನಿ’. ಅದಕ್ಕೆ ವಿಶೇಷ ಯಂತ್ರ ಬೇಕಿರಲಿಲ್ಲ, ಲಿನಕ್ಸ್ ಇರುವ ಯಾವುದೇ ಗಣಕದಲ್ಲಿ ಓಡುತ್ತಿತ್ತು. ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಮಲಯಾಳಂ ಸೇರಿಸಿದರು. ಬಳಿಕ ಅದರ ಪೋಷಣೆಯ ಹೊಣೆಯನ್ನೇ ಹೊತ್ತು ಹಲವು ಭಾರತೀಯ ಭಾಷೆಗಳಿಗೆ ವಿಸ್ತರಿಸಿದರು. ಅವರನ್ನು ಯಾರೂ ಕೂಲಿಗೆ ಕರೆದಿರಲಿಲ್ಲ. ತಮ್ಮ ಭಾಷೆಗೆ ಇಲ್ಲದ ಒಂದು ಸೌಕರ್ಯ, ಅದನ್ನು ಕಟ್ಟಲು ಕೈಗೆಟುಕುವ ಸಾಧನ, ಒಬ್ಬರೇ ಕುಳಿತು ಮಾಡಬಹುದಾದಷ್ಟು ಅಳತೆಯ ಕೆಲಸ: ಈ ಮೂರೂ ಒಟ್ಟಿಗೆ ಒದಗಿದ್ದವು. ಯಂತ್ರ ಹೋಯಿತು, ಅದರ ಕಂಠ ಉಳಿಯಿತು.

ಕೇಳುವವರು, ಮಾಡುವವರು

ಇದೇ ಅವಧಿಯಲ್ಲಿ ಬೆಂಗಳೂರಿನಲ್ಲಿ ಮತ್ತೊಂದು ಪ್ರಯೋಗ ನಡೆಯುತ್ತಿತ್ತು. 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ವಾರ್ಷಿಕ ಸಮ್ಮೇಳನ ಆರಂಭವಾಯಿತು. ಅತುಲ್ ಚಿಟ್ನಿಸ್ ಅದರ ಮುಖ್ಯ ಸಂಘಟಕರು. 2005ರಿಂದ ‘ಫಾಸ್.ಇನ್’ ಎಂದು ಹೆಸರು ಬದಲಾಯಿತು. ದೇಶದ ಮೂಲೆಮೂಲೆಗಳಿಂದ ಯುವಜನ ಬಂದರು. ಹೊರದೇಶದ ಹೆಸರಾಂತ ತಂತ್ರಾಂಶಕಾರರೂ ಬಂದರು.

ಸಭಾಂಗಣ ತುಂಬುತ್ತಿತ್ತು. ಆದರೆ ತುಂಬಿದ ಸಭಾಂಗಣದಿಂದ ಎಷ್ಟು ಮಂದಿ ಮನೆಗೆ ಹೋಗಿ ಒಂದು ಸಾಲು ಬರೆದು ಕಳಿಸುತ್ತಾರೆ ಎಂಬ ಪ್ರಶ್ನೆ ಸಂಘಟಕರನ್ನೇ ಕಾಡತೊಡಗಿತು. ಭಾರತ ಮುಕ್ತ ತಂತ್ರಾಂಶವನ್ನು ಧಾರಾಳವಾಗಿ ಬಳಸುತ್ತದೆ, ಮರಳಿ ಕೊಡುವುದು ಕಡಿಮೆ ಎಂಬ ಮಾತು ಆಗ ಸಾಮಾನ್ಯವಾಗಿತ್ತು. ಹೀಗಾಗಿ 2008ರ ವೇಳೆಗೆ ಸಮ್ಮೇಳನದ ಸ್ವರೂಪವೇ ಬದಲಾಯಿತು. ಭಾಷಣಗಳ ಜೊತೆಗೆ, ಎಲ್ಲರೂ ಕುಳಿತು ನಿಜವಾಗಿ ತಂತ್ರಾಂಶ ಬರೆಯುವ ಗೋಷ್ಠಿಗಳು ಬಂದವು. ಇದರಿಂದ ಸಂತೆಯ ಗದ್ದಲ ತಗ್ಗಿ ಕೆಲಸಕ್ಕೆ ಮರ್ಯಾದೆ ಹೆಚ್ಚಿತು. ಸಮ್ಮೇಳನ 2012ರಲ್ಲಿ ಕೊನೆಗೊಂಡಿತು. ಮರುವರ್ಷ ಚಿಟ್ನಿಸ್ ತೀರಿಕೊಂಡರು.

ಆ ವೇದಿಕೆಗೆ ಬಂದು ಹೋದವರಲ್ಲಿ ಜರ್ಮನಿಯ ಹೆರಾಲ್ಡ್ ವೆಲ್ಟೆ ಒಬ್ಬರು. ಮೊಬೈಲ್ ಜಾಲದಂಥ ಮುಚ್ಚಿದ ಕೋಟೆಯನ್ನು ಮುಕ್ತ ತಂತ್ರಾಂಶಕ್ಕೆ ತೆರೆದವರಲ್ಲಿ ಅವರು ಪ್ರಮುಖರು. ಬೆಂಗಳೂರಿನ ಪ್ರಶ್ನೆಗೆ ಬರ್ಲಿನ್ನಿನಲ್ಲಿ ಸಿಕ್ಕ ಉತ್ತರವನ್ನು ಇಲ್ಲಿ ಗಮನಿಸುವುದು ಒಳ್ಳೆಯದು.

ಹಳೆಯ ಪೆಟ್ಟಿಗೆ, ಐವತ್ತು ದಾನ

ಮೊಬೈಲ್ ಜಾಲದ ನಿಯಮಗಳು ಗುಟ್ಟಲ್ಲ. ಜಿಎಸ್‌ಎಂ ಮತ್ತು ಅದರ ಮುಂದಿನ ಪೀಳಿಗೆಗಳ ಮಾನದಂಡಗಳು ಸಾವಿರಾರು ಪುಟಗಳಲ್ಲಿ ಎಲ್ಲರಿಗೂ ಲಭ್ಯ. ಆದರೆ ಅವನ್ನು ಯಂತ್ರಕ್ಕಿಳಿಸಿದ ತಂತ್ರಾಂಶ ಕೆಲವೇ ಕಂಪನಿಗಳ ಬೀಗದೊಳಗಿತ್ತು. ಸಂಹಿತೆ ಎಲ್ಲರ ಕೈಯಲ್ಲಿದೆ, ಅಡುಗೆಮನೆ ಮಾತ್ರ ಕೆಲವರದು ಎಂಬಂಥ ಸ್ಥಿತಿ.

ವೆಲ್ಟೆ ಮತ್ತು ಡೀಟರ್ ಸ್ಪಾರ್, ಮಾರಾಟಕ್ಕೆ ಬಂದಿದ್ದ ಸೀಮೆನ್ಸ್ ಕಂಪನಿಯ ಹಳೆಯ ಮೊಬೈಲ್ ಪ್ರಸಾರ ಪೆಟ್ಟಿಗೆಯನ್ನು ಇಟ್ಟುಕೊಂಡು, ಅದನ್ನು ನಿಯಂತ್ರಿಸುವ ಮುಕ್ತ ತಂತ್ರಾಂಶ ಬರೆದು, 2008ರ ಡಿಸೆಂಬರ್‌ನಲ್ಲಿ ಬರ್ಲಿನ್ನಿನ ಸಮಾವೇಶದಲ್ಲಿ ತಮ್ಮದೇ ಪುಟ್ಟ ಜಾಲವನ್ನು ನಡೆಸಿ ತೋರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಡೇವಿಡ್ ಬರ್ಜೆಸ್ ಮತ್ತು ಹರ್ವಿಂದ್ ಸಮ್ರಾ ‘ಓಪನ್ ಬಿಟಿಎಸ್’ ತಂತ್ರಾಂಶವನ್ನು ನೆವಾಡಾದ ಮರುಭೂಮಿಯ ಉತ್ಸವವೊಂದರಲ್ಲಿ ಪರೀಕ್ಷಿಸಿದರು. ಬರ್ಲಿನ್ನಿನ ಕೆಲಸ ಮುಂದೆ ‘ಓಸ್ಮೋಕಾಂ’ ಎಂಬ ಹೆಸರಿನಲ್ಲಿ ಬೆಳೆಯಿತು. ಮೊಬೈಲ್ ಸಂಪರ್ಕದ ಮುಕ್ತ ತಂತ್ರಾಂಶ ಎಂಬುದೇ ಆ ಹೆಸರಿನ ಅರ್ಥ.

2010ರಲ್ಲಿ ಅದೇ ಬಳಗ ಮೊಬೈಲಿನ ಒಳಗಿನ ತಂತ್ರಾಂಶಕ್ಕೂ ಕೈ ಹಾಕಿತು. ಆಯ್ದುಕೊಂಡದ್ದು ಮೋಟರೋಲಾದ ಸಿ123ರಂಥ ಹಳೆಯ, ಅಗ್ಗದ ಹ್ಯಾಂಡ್‌ಸೆಟ್ಟುಗಳನ್ನು. ವಿದ್ಯಾರ್ಥಿಯೊಬ್ಬ ತನ್ನ ಕಿಸೆಯ ಕಾಸಿನಲ್ಲೇ ಕೊಂಡು ಕಲಿಯಬಹುದಾಗಿತ್ತು. ಇನ್ನೂ ಸೊಗಸಾದ ಪ್ರಸಂಗ 2016–17ರದು. ಮೂರನೇ ಪೀಳಿಗೆಯ ಜಾಲಕ್ಕೆ ಮುಕ್ತ ತಂತ್ರಾಂಶ ಸಿದ್ಧವಾಗುತ್ತಿತ್ತು, ಕೈಜೋಡಿಸುವವರು ಕಡಿಮೆ. ವೆಲ್ಟೆ ಮತ್ತು ಹೋಲ್ಗರ್ ಫ್ರೈತರ್ ಕಟ್ಟಿದ್ದ ಸಿಸ್ಮೋಕಾಂ ಕಂಪನಿ, ಮನೆಯೊಳಗೆ ಇಡಬಹುದಾದ 50 ಪುಟ್ಟ ಪ್ರಸಾರ ಪೆಟ್ಟಿಗೆಗಳನ್ನು ಉಚಿತವಾಗಿ ಕೊಡುವುದಾಗಿ ಪ್ರಕಟಿಸಿತು. ಷರತ್ತು ಒಂದೇ: ಪಡೆದವರು ತಾವು ಏನು ಕೆಲಸ ಮಾಡಿಕೊಡುತ್ತೇವೆ ಎಂಬುದನ್ನು ಮೊದಲೇ ಬರೆದು ತಿಳಿಸಬೇಕು. ತಪ್ಪು ಹುಡುಕುವುದು, ಕೈಪಿಡಿ ಬರೆಯುವುದು, ಹೊಸ ಅಂಶ ಸೇರಿಸುವುದು, ಏನಾದರೂ ಸರಿ. ಸಿಂಪ್ಯೂಟರಿಗೆ ಕೊರತೆಯಾದ ಕುಡುಗೋಲನ್ನು ಇವರು ಕೈಗೇ ಕೊಟ್ಟು ಕರೆದರು.

ನಮ್ಮಲ್ಲಿ ಇನ್ನೊಂದು ತೊಡಕಿತ್ತು. ರೇಡಿಯೋ ಅಲೆಯನ್ನು ಪ್ರಸಾರ ಮಾಡಲು ಸರ್ಕಾರದ ಅನುಮತಿ ಬೇಕು. 1885ರ ಟೆಲಿಗ್ರಾಫ್ ಕಾಯಿದೆ, 1933ರ ನಿಸ್ತಂತು ಕಾಯಿದೆಗಳ ಬದಲಿಗೆ 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಬಂದಿದೆ. ಕುತೂಹಲಕ್ಕೆಂದು ಯಾರೂ ಸ್ವಂತ ಮೊಬೈಲ್ ಜಾಲ ತೆರೆಯುವಂತಿಲ್ಲ, ತೆರೆಯಲೂ ಬಾರದು. ಆದರೆ ಇಂದು ಪ್ರಸಾರವೇ ಇಲ್ಲದೆ ಕಲಿಯುವ ದಾರಿಯಿದೆ. ಓಪನ್5ಜಿಎಸ್‌ನಂಥ ಮುಕ್ತ ತಂತ್ರಾಂಶವನ್ನೂ ಕಾಲ್ಪನಿಕ ಮೊಬೈಲೊಂದನ್ನೂ ಒಂದೇ ಗಣಕದೊಳಗೆ ಓಡಿಸಿ ಐದನೇ ಪೀಳಿಗೆಯ ಜಾಲದ ನಡಿಗೆಯನ್ನು ನೋಡಬಹುದು. ಸಿಂಪ್ಯೂಟರಿನ ಕಾಲದಲ್ಲಿ ಇಲ್ಲದಿದ್ದ ಅನುಕೂಲ ಇದು.

ಹನ್ನೊಂದು ಸ್ಥಾನದ ಊರು

ಇದರಿಂದ ಕನ್ನಡಿಗರಿಗೆ ಆಗಬೇಕಾದದ್ದೇನು ಎಂದು ಕೇಳಬಹುದು. ಒಂದು ಚಿಕ್ಕ ಉದಾಹರಣೆ ಸಾಕು.

ಮೊಬೈಲಿನ ಒಂದು ಎಸ್‌ಎಂಎಸ್‌ನಲ್ಲಿ ಇರುವ ಜಾಗ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಆದ್ದರಿಂದ 160 ಅಕ್ಷರ ಹಿಡಿಸುತ್ತವೆ. ಕನ್ನಡಕ್ಕೆ ಯೂನಿಕೋಡ್ ರೂಪದಲ್ಲಿ ತಲಾ 16 ಬಿಟ್ ಬೇಕು, ಹಾಗಾಗಿ 70 ಸ್ಥಾನಗಳಷ್ಟೇ. ಅದರಲ್ಲೂ ಗುಣಿತ, ಒತ್ತುಗಳೆಲ್ಲ ಬೇರೆ ಬೇರೆ ಸ್ಥಾನ ಕೇಳುತ್ತವೆ. ‘ಚಿಕ್ಕಬಾಣಾವರ’ ಎಂದು ಬರೆದರೆ ಕಣ್ಣಿಗೆ ಆರು ಅಕ್ಷರ, ಯಂತ್ರದ ಲೆಕ್ಕಕ್ಕೆ ಹನ್ನೊಂದು. ಸಾವಿರಗಟ್ಟಲೆ ಸಂದೇಶ ಕಳಿಸುವ ಬ್ಯಾಂಕು, ಇಲಾಖೆಗಳಿಗೆ ಕನ್ನಡವೆಂದರೆ ಒಂದರ ಬದಲು ಎರಡು ಮೂರು ಸಂದೇಶಗಳ ಖರ್ಚು. ಸಂದೇಶ ಇಂಗ್ಲಿಷಿನಲ್ಲೇ ಬರುವುದಕ್ಕೆ ಇದೂ ಒಂದು ಕಾರಣ.

ಇದಕ್ಕೆ ಪರಿಹಾರ ಮಾನದಂಡದಲ್ಲೇ ಇದೆ. ಕನ್ನಡವೂ ಸೇರಿ ಭಾರತೀಯ ಲಿಪಿಗಳಿಗೆ 7 ಬಿಟ್‌ನ ಪ್ರತ್ಯೇಕ ಕೋಷ್ಟಕಗಳನ್ನು 2009ರ ಸುಮಾರಿಗೆ ಅದಕ್ಕೆ ಸೇರಿಸಲಾಯಿತು. ಅದನ್ನು ಬಳಸಿದರೆ ಕನ್ನಡಕ್ಕೂ ಒಂದು ಸಂದೇಶದಲ್ಲಿ ಸುಮಾರು 150 ಸ್ಥಾನ ಸಿಗುತ್ತದೆ. ಆಂಡ್ರಾಯ್ಡ್‌ನ ಮುಕ್ತ ಮೂಲ ಬರಹದಲ್ಲೂ ಆ ಕನ್ನಡ ಕೋಷ್ಟಕ ಇದೆ. ಆದರೆ ಕಳಿಸುವ ಮೊಬೈಲು, ನಡುವಿನ ಜಾಲ, ಓದುವ ಮೊಬೈಲು ಎಲ್ಲವೂ ಅದನ್ನು ಒಪ್ಪಿ ನಡೆಸಿದರಷ್ಟೇ ಅದು ಕೆಲಸಕ್ಕೆ ಬರುತ್ತದೆ. ಬೀಜ ಕಣಜದಲ್ಲಿದೆ, ಬಿತ್ತುವವರು ಬೇಕು. ಇಂಥ ಕೆಲಸ ಬರ್ಲಿನ್ನಿನವರಿಗೆ ಹೊಳೆಯುವುದಿಲ್ಲ, ಕನ್ನಡ ಓದುವವರಿಗೇ ಹೊಳೆಯಬೇಕು.

ಸ್ವದೇಶಿ ಎಂಬುದೂ ಮುಕ್ತ ಎಂಬುದೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸ್ವದೇಶಿ ನಾಲ್ಕನೇ ಪೀಳಿಗೆಯ ಜಾಲ ಉದ್ಘಾಟನೆಯಾಯಿತು. ಅದರ ತಿರುಳು ಕಿತ್ತೂರಿನ ಯಂತ್ರ ಮಾಡಿದ ಅದೇ ಸಿ-ಡಾಟ್‌ನದು, ರೇಡಿಯೋ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಎಲ್ಲವನ್ನೂ ಜೋಡಿಸಿದ್ದು ಟಿಸಿಎಸ್. ಅಭಿಮಾನ ಪಡುವ ಸಾಧನೆಯೇ ಸರಿ. ಆದರೆ ಕಾಲೇಜಿನ ಹುಡುಗಿಯೊಬ್ಬಳು ಅದರೊಳಗೆ ಇಣುಕಿ ಕನ್ನಡದ ಕೋಷ್ಟಕವನ್ನು ಪರೀಕ್ಷಿಸಲು ಬಯಸಿದರೆ ಅವಳಿಗೆ ಬೇಕಾದದ್ದು ಮುಕ್ತ ತಂತ್ರಾಂಶದ ಅಂಗಳ.

ಕರೆಯುವ ಪದ್ಧತಿ

ಪ್ರತಿ ವರ್ಷ ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ವರದಿ ಬರೆಯುತ್ತಾರೆ. ಅಚ್ಚುಕಟ್ಟಾಗಿ ಬೈಂಡ್ ಮಾಡಿಸಿ, ಮೌಖಿಕ ಪರೀಕ್ಷೆ ಮುಗಿಸಿ, ಕಾಲೇಜಿನ ಬೀರುವಿನಲ್ಲಿ ಇಟ್ಟು ಹೋಗುತ್ತಾರೆ. ಮತ್ತೆ ಅದನ್ನು ತೆರೆಯುವವರು ವಿರಳ. ಅದರ ಬದಲು ನಡೆಯುತ್ತಿರುವ ಮುಕ್ತ ಯೋಜನೆಯೊಂದರಲ್ಲಿ ಒಂದು ತಪ್ಪನ್ನು ತಿದ್ದಿದರೂ, ಕೈಪಿಡಿಯ ಒಂದು ಅಧ್ಯಾಯವನ್ನು ಕನ್ನಡದಲ್ಲಿ ಬರೆದರೂ ಅದು ಬೀರುವಿನ ಹೊರಗೆ ಬದುಕುತ್ತದೆ. ತಿದ್ದಿದವರ ಹೆಸರೂ ಅದರೊಡನೆ ಉಳಿಯುತ್ತದೆ.

ಹಾಗೆಂದು ವಿದ್ಯಾರ್ಥಿಗಳನ್ನಷ್ಟೇ ದೂರುವುದು ತರವಲ್ಲ. ಮುಯ್ಯಾಳು ತಾನಾಗಿ ಬರುತ್ತಿರಲಿಲ್ಲ. ಹಿಂದಿನ ಸಂಜೆ ಮನೆಬಾಗಿಲಿಗೆ ಹೋಗಿ ಕರೆಯಬೇಕಿತ್ತು. ಯಾವ ಸಾಲು ಯಾರದು ಎಂದು ತೋರಿಸಬೇಕಿತ್ತು. ಕುಡುಗೋಲು ಒದಗಿಸಬೇಕಿತ್ತು. ಹೊಸಬನೊಬ್ಬ ಸಾಲು ತಪ್ಪಿದರೆ ಹಿರಿಯರು ನಕ್ಕು ಓಡಿಸದೆ ಪಕ್ಕದಲ್ಲಿ ನಿಂತು ಕಲಿಸಬೇಕಿತ್ತು. ನಡುಹಗಲಿಗೆ ಮುದ್ದೆ ಸಾರು ಹೊಲಕ್ಕೆ ಬರಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಹೊಲದ ಸರದಿ ಬಂದಾಗ ಊರು ಬರುತ್ತದೆಂಬ ನಂಬಿಕೆ ಇರಬೇಕಿತ್ತು.

ಕಿತ್ತೂರಿನ ಪೆಟ್ಟಿಗೆ ಹಂಚಿಕೆಯ ಶಕ್ತಿಯನ್ನು ತೋರಿಸಿತು. ಸಿಂಪ್ಯೂಟರ್ ಹಂಚಿಕೆಯೊಂದೇ ಸಾಲದೆಂದು ಕಲಿಸಿತು. ಚಿಕ್ಕಬಾಣಾವರದ ಸುತ್ತ ಮುಯ್ಯಾಳು ಕರೆಯುತ್ತಿದ್ದ ಹೊಲಗಳು ಈಗ ಬಡಾವಣೆಗಳಾಗಿರಬಹುದು. ಕರೆಯುವ ಪದ್ಧತಿ ಮರೆಯದಿದ್ದರೆ ಆ ಬಡಾವಣೆಗಳಲ್ಲಿ ಹೊಸ ಮುಯ್ಯಾಳುಗಳು ಸಿಗದೇ ಇರಲಾರರು.